ಅಪ್ಪಟ ಸೋಲು

ತರಬೇತಿ ಶಿಬಿರ
ಏಪ್ರಿಲ್ ೧೯

ಅಮ್ಮಾ,

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಕೈಕಾಲು ಗಟ್ಟಿಯಾಗಿವೆ, ಅಷ್ಟು ಮಾತ್ರ ಹೇಳಬಲ್ಲೆ. ಸೆಪ್ಟೆಂಬರಿನ ರಾಷ್ಟ್ರೀಯ ಕ್ರೀಡಾಕೂಟ ಮುಗಿಯುವ ತನಕ ಶಿಬಿರದ ಬಾಗಿಲು ಮುಚ್ಚಿರುತ್ತದೆ ಎಂದು ಎಲ್ಲರ ಫೋನುಗಳನ್ನೂ ಇಸಿದುಕೊಂಡು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಕಾಗದ ಬರೆಯಬಹುದಂತೆ. ಅಡುಗೆಮನೆಯ ಹೆಂಗಸು ಅಂಚೆಗೆ ಹಾಕುತ್ತೇನೆ ಎಂದಿದ್ದಾಳೆ.

ಬೀಚ್ ವಾಲಿಬಾಲ್ ಚಾಂಪಿಯನ್‌ಷಿಪ್‌ನಲ್ಲಿ ನನಗೂ ನನ್ನ ಈಗಿನ ಜೊತೆಗಾತಿ ರುಯ್‌ಗೂ ಬೆಳ್ಳಿ ಬಂದದ್ದನ್ನು ಟಿವಿಯಲ್ಲಿ ನೋಡಿರುತ್ತೀಯ. ಚುನ್ ಚಿಕ್ಕಮ್ಮ ಪಟಾಕಿ ತಂದಿದ್ದರೆ ಒಳಗಿಡಲು ಹೇಳು. ಆ ಬೆಳ್ಳಿಗಾಗಿ ನನ್ನ ಮೇಲೆ ವಿಚಾರಣೆ ನಡೆಯುತ್ತಿದೆ.

ಸೆಮಿಫೈನಲ್‌ನಲ್ಲಿ ನಮಗೆ ಎದುರಾದದ್ದು ನಮ್ಮದೇ ಪ್ರಾಂತದ ಮೊದಲ ಜೋಡಿ: ನಮ್ಮ ಬೀದಿಯ ವಾನ್‌ಚಿಂಗ್ ಮತ್ತು ಅವಳ ಹೊಸ ಜೊತೆಗಾತಿ. ಹನ್ನೊಂದು ವರ್ಷ ನನ್ನ ಜೊತೆ ಒಂದೇ ಮರಳಿನಲ್ಲಿ ಆಡಿದವಳನ್ನು ಎರಡು ವರ್ಷದ ಹಿಂದೆ ನನ್ನಿಂದ ಕಿತ್ತು, ಅವಳಷ್ಟೇ ಎತ್ತರದ ಇನ್ನೊಬ್ಬಳಿಗೆ ಜೋಡಿಸಿದರಲ್ಲ, ಅದು ನಿನಗೆ ಗೊತ್ತಿರುವ ಕಥೆ. ಗೊತ್ತಿಲ್ಲದ ಕಥೆ ಇದು. ಪಂದ್ಯದ ದಿನ ಬೆಳಿಗ್ಗೆ ನಾವು ಗಂಜಿ ಕುಡಿಯುತ್ತಿದ್ದಾಗ ತಂಡದ ಮುಖ್ಯಸ್ಥರಾದ ಲೆಯ್ ಸಾಹೇಬರು ಬಂದು ಎದುರಿಗೆ ಕೂತರು.

"ನಾಳೆ ಫೈನಲ್‌ಗೆ ವಾನ್‌ಚಿಂಗ್ ಜೋಡಿ ದಣೀದೆ ಹೋಗ್ಬೇಕು. ನೀವಿಬ್ರೂ ಎರಡೇ ಸೆಟ್‌ನಲ್ಲಿ ಮುಗಿಸಿಕೊಟ್ಬಿಡಿ. ನೋಡೋರಿಗೆ ಚೆನ್ನಾಗಿ ಕಾಣ್ಬೇಕು, ಆಯ್ತಾ?"

"ಮುಗಿಸಿಕೊಡೋದು ಅಂದ್ರೆ?"

"ಸೋಲೋದು ಕಣಮ್ಮ. ನಿಂಗೂ ಬಿಡಿಸಿ ಹೇಳ್ಬೇಕಾ? ಇದೇನು ಮೊದಲನೇ ಸಲಾನಾ?"

ಮೊದಲ ಸಲ ಅಲ್ಲ ಅಮ್ಮ. ನಾಲ್ಕು ಸಲ ಸೋತುಕೊಟ್ಟಿದ್ದೇನೆ. ನಿನಗೆ ಹೇಳಿರಲಿಲ್ಲ. ಐದನೆಯ ಸಲವೂ ಸೋಲುತ್ತಿದ್ದೆನೋ ಏನೋ. ಆದರೆ ಅಂಕಣಕ್ಕೆ ಇಳಿಯುವಾಗ ರುಯ್, ಇಪ್ಪತ್ತು ವರ್ಷದ ಹುಡುಗಿ, ನನ್ನ ತೋಳು ಮುಟ್ಟಿ, "ಅಕ್ಕಾ, ಎಷ್ಟನೇ ಪಾಯಿಂಟಿಂದ ಬಿಡೋಕೆ ಶುರು ಮಾಡೋಣ?" ಎಂದಳು. ಊಟಕ್ಕೆ ಎಷ್ಟು ಹೊತ್ತಿಗೆ ಹೋಗೋಣ ಎಂದು ಕೇಳಿದ ಹಾಗೆ ಕೇಳಿದಳು. ನನಗೆ ಮೈಯೆಲ್ಲ ಉರಿಯಿತು. ಈ ವಿದ್ಯೆಯನ್ನು ಅವಳು ಕಲಿತದ್ದು ನನ್ನನ್ನು ನೋಡಿಯೇ.

"ಬಿಡೋದಿಲ್ಲ," ಎಂದೆ. ಎರಡೇ ಸೆಟ್‌ನಲ್ಲಿ ಮುಗಿಸಿದೆವು, ಗೆದ್ದು. ಮಾರನೆಯ ದಿನ ಫೈನಲ್‌ನಲ್ಲಿ ಉತ್ತರದ ಜೋಡಿ ನಮ್ಮನ್ನು ಸೋಲಿಸಿತು. ಬಂಗಾರ ಹೋದದ್ದು ನನ್ನ ಅಹಂಕಾರದಿಂದ ಎಂದು ಲೆಯ್ ಸಾಹೇಬರು ಎಲ್ಲರೆದುರು ಕೂಗಾಡಿದರು. ಈಗ ನಾನು ಮೂರು ಸಾವಿರ ಅಕ್ಷರಗಳ ತಪ್ಪೊಪ್ಪಿಗೆಯನ್ನು ಸ್ವಂತ ಕೈಯಲ್ಲಿ ಬರೆದು ಇಡೀ ತಂಡದ ಮುಂದೆ ನಿಂತು ಓದಬೇಕು. ಬರೆಯದಿದ್ದರೆ ಕ್ರೀಡಾಕೂಟಕ್ಕೆ ಜೂನ್ ಹತ್ತರಂದು ಪ್ರಕಟವಾಗುವ ಪಟ್ಟಿಯಲ್ಲಿ ನನ್ನ ಹೆಸರಿರುವುದಿಲ್ಲ. ನನಗೆ ಇಪ್ಪತ್ತೇಳು. ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆ ಆಗಿದೆ. ಮುಂದಿನ ಕೂಟ ಇನ್ನು ನಾಲ್ಕು ವರ್ಷಕ್ಕೆ. ನನಗೆ ಇದೇ ಕೊನೆಯದು.

ಗೆದ್ದದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ಯೋಚಿಸುತ್ತ ಕೂತಿದ್ದೇನೆ. ಮೊದಲ ಸಾಲೇ ಹುಟ್ಟುತ್ತಿಲ್ಲ.

ನಿನ್ನ
ಸುಯಿನ್


ಶಿತೌ ಕೊಲ್ಲಿ
ಏಪ್ರಿಲ್ ೨೮

ಅಯಿನ್,

ನಿನ್ನ ಕಾಗದ ಓದುತ್ತ ಒಲೆಯ ಮೇಲಿದ್ದ ಗೆಣಸಿನ ಗಂಜಿ ಸೀದು ತಳ ಹತ್ತಿತು. ಹತ್ತಲಿ. ನನ್ನ ಹೊಟ್ಟೆಯೊಳಗೆ ಅದಕ್ಕಿಂತ ದೊಡ್ಡ ಉರಿ ಎದ್ದಿದೆ.

ಗೆದ್ದವಳು ತಪ್ಪೊಪ್ಪಿಕೊಳ್ಳಬೇಕಂತೆ! ಎಲ್ಲಾದರೂ ಉಂಟೇ? ನಿನಗೆ ಹನ್ನೆರಡು ತುಂಬಿದಾಗ ಕ್ರೀಡಾಶಾಲೆಯವರು ಬಂದು ನಮ್ಮ ಅಂಗಳದಲ್ಲಿ ನಿನ್ನನ್ನು ನಿಲ್ಲಿಸಿ, ಕೈ ಅಳೆದು, ಕಾಲು ಅಳೆದು, ಅಂಗೈ ತಿರುಗಿಸಿ, ಸಂತೆಯಲ್ಲಿ ಎಮ್ಮೆ ನೋಡುವಂತೆ ನೋಡಿದರು. "ಈ ಹುಡುಗಿ ಗೆಲ್ತಾಳೆ, ಕೊಡಿ," ಎಂದರು. ನನ್ನ ಅಯಿನ್ ಅವರ ಪಟ್ಟಿಯಲ್ಲಿ ಕೇ ಸುಯಿನ್ ಆದಳು. ಗೆಲ್ಲುತ್ತಾಳೆ ಎಂದು ತಾನೇ ಒಯ್ದದ್ದು? ಸೋಲುವುದಕ್ಕಾದರೆ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ, ಸೋಲಲು ಇಲ್ಲೇನು ಜಾಗವಿಲ್ಲವೇ?

ಕಲ್ಲುಗಣಿಯಲ್ಲಿ ನಾನೂ ಚುನ್ನೂ ಹದಿನಾಲ್ಕು ವರ್ಷ ಒಂದೇ ಅಡ್ಡೆಯ ಎರಡು ತುದಿಗೆ ಹೆಗಲು ಕೊಟ್ಟು ಕಲ್ಲು ಹೊತ್ತಿದ್ದೇವೆ. ಒಬ್ಬಳು ಹೆಗಲು ಜಾರಿಸಿದರೆ ಇನ್ನೊಬ್ಬಳ ಸೊಂಟ ಮುರಿಯುತ್ತದೆ. ನಮ್ಮ ಗಣಿಯ ಮೇಸ್ತ್ರಿ ಮಹಾ ಕೆಟ್ಟವನು, ಆದರೆ ಅವನು ಕೂಡ ಯಾವತ್ತೂ "ಹೆಗಲು ಜಾರಿಸು" ಎಂದು ಹೇಳಲಿಲ್ಲ. ನಿಮ್ಮ ಲೆಯ್ ಅವನಿಗಿಂತ ಕಡೆಯಾದ.

ಒಂದಕ್ಷರ ಬರೆಯಬೇಡ. ಅಪ್ಪ ಮೀನು ಹಿಡಿಯಲು ಹೋದವರು ಇನ್ನೂ ಬಂದಿಲ್ಲ. ಬಂದರೂ ಅವರಿಗೆ ಹೇಳುವುದಿಲ್ಲ. "ಕಾಗದ ತಾನೇ, ಗೀಚಿ ಕೊಡಲಿ ಬಿಡು" ಎನ್ನುವ ಮನುಷ್ಯ ಅವರು. ಚುನ್‌ಗೆ ಹೇಳಿದೆ. ಅವಳಿಗೆ ಎಲ್ಲದಕ್ಕೂ ತಮಾಷೆ. "ಅಯಿನ್ ಬಿಸಿಲಲ್ಲಿ ಒಣಗಿ ಒಣಮೀನಿನ ಬಣ್ಣಕ್ಕೆ ಬಂದಿದ್ದಾಳೆ, ಅವಳನ್ನ ಮನೆಗೆ ಕರ್ಕೊಂಬಂದು ಒಂದು ವರ್ಷ ನೆರಳಲ್ಲಿ ಇಡು, ಆಮೇಲೆ ಗಂಡು ಹುಡುಕೋಣ," ಎಂದು ನಗುತ್ತಾಳೆ. ನಕ್ಕ ಮೇಲೆ ಅವಳೂ ಲೆಯ್‌ಗೆ ಏಳು ತಲೆಮಾರು ಬೈದಳು.

ಒಂದು ಕೇಳುತ್ತೇನೆ. ಆ ನಾಲ್ಕು ಸಲ ಎಂದೆಯಲ್ಲ, ಯಾವ ನಾಲ್ಕು? ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಫೋನಿನಲ್ಲಿ ಅತ್ತೆ, ನಾನು "ಪರವಾಗಿಲ್ಲ, ಇನ್ನೂ ಕಷ್ಟಪಟ್ಟು ಅಭ್ಯಾಸ ಮಾಡು" ಎಂದು ಒಂದು ಗಂಟೆ ಬುದ್ಧಿ ಹೇಳಿದೆ. ಅದೂ ಅವುಗಳಲ್ಲಿ ಒಂದೇ?

ಬರೆಯದಿದ್ದರೆ ನಿಜವಾಗಿಯೂ ಹೆಸರು ಬಿಟ್ಟುಬಿಡುತ್ತಾರಾ, ಅಥವಾ ಸುಮ್ಮನೆ ಹೆದರಿಸುತ್ತಿದ್ದಾರಾ?

ನಿನ್ನ ಅಮ್ಮ


ತರಬೇತಿ ಶಿಬಿರ
ಮೇ ೧೫

ಅಮ್ಮಾ,

ಬರೆದಿಲ್ಲ. ಹಾಗಾಗಿ ನನ್ನನ್ನು ಮುಖ್ಯ ಅಂಕಣದಿಂದ ಹೊರಗೆ ಹಾಕಿದ್ದಾರೆ. ಬೆಳಿಗ್ಗೆ ಮರಳು ಜರಡಿ ಹಿಡಿಯುತ್ತೇನೆ, ಸಂಜೆ ಚೆಂಡು ಹೆಕ್ಕುತ್ತೇನೆ. ರುಯ್ ಯಾರ್ಯಾರ ಜೊತೆಗೋ ಅಭ್ಯಾಸ ಮಾಡುತ್ತಾಳೆ, ನನ್ನನ್ನು ಕಂಡರೆ ಕಣ್ಣು ಕೆಳಗೆ ಹಾಕುತ್ತಾಳೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಗೋಡೆಗೆ ಚೆಂಡು ಹೊಡೆದು ಎತ್ತಿಕೊಳ್ಳುವುದೇ ನನ್ನ ಅಭ್ಯಾಸ.

ವಾನ್‌ಚಿಂಗ್ ಮಾತಾಡುವುದಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟೋ, ಅವರ ಮೇಲೋ, ತಿಳಿಯದು. ಊಟದ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದಳು. ಇಬ್ಬರೂ ಮೂಕಿಯರಂತೆ ಬಟ್ಟಲು ಹಿಡಿದು ನಡೆದೆವು.

ನೀನು ಕೇಳಿದ ಆ ಚಳಿಗಾಲದ್ದೂ ಅವುಗಳಲ್ಲಿ ಒಂದು, ಉಳಿದ ಮೂರರ ದಿನಾಂಕ ಕಾಗದದ ಹಿಂಬದಿಯಲ್ಲಿದೆ. ಹೌದು. ಹೆಸರು ಬಿಟ್ಟುಬಿಡುತ್ತಾರೆ, ಅವರು ಸುಮ್ಮನೆ ಹೆದರಿಸುತ್ತಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಜೂನ್‌ನಲ್ಲೇ ಊರಿಗೆ ಬರುತ್ತೇನೆ. ನನಗೆ ಬೇಕಾದದ್ದು ಪದಕವಲ್ಲ ಅಮ್ಮ. ಒಂದೇ ಒಂದು ದೊಡ್ಡ ಪಂದ್ಯ, ಮೊದಲಿಂದ ಕೊನೆಯವರೆಗೆ ನನ್ನದು ಎನ್ನುವಂಥದ್ದು. ಗೆಲ್ಲಲಿ, ಸೋಲಲಿ. ಹದಿನೈದು ವರ್ಷ ಮರಳು ತಿಂದವಳು ಅಷ್ಟು ಕೇಳುವುದು ಹೆಚ್ಚಾಯಿತೇ?

ಸುಯಿನ್


ತರಬೇತಿ ಶಿಬಿರ
ಜೂನ್ ೧೨

ಅಮ್ಮಾ,

ಮೊನ್ನೆ ಪಟ್ಟಿ ಬಂತು. ನನ್ನ ಹೆಸರಿತ್ತು. ಕೇ ಸುಯಿನ್, ಪಾನ್ ರುಯ್, ಎರಡನೇ ಜೋಡಿ. ರುಯ್ ಓಡಿ ಬಂದು ನನ್ನನ್ನು ಎತ್ತಿ ಮರಳಿಗೆ ಕೆಡವಿದಳು. ನಾನು ಹುಚ್ಚಿಯಂತೆ ನಕ್ಕೆ. ನೋಡಿದೆಯಾ, ಬಗ್ಗಲಿಲ್ಲ, ಅವರೇ ಬಗ್ಗಿದರು ಎಂದುಕೊಂಡೆ.

ಆಮೇಲೆ ಲೆಯ್ ಸಾಹೇಬರು ಕೋಣೆಗೆ ಕರೆದು ಒಂದು ಕಾಗದ ತೋರಿಸಿದರು.

"ನಿಮ್ಮಮ್ಮ ನಿಂಗಿಂತ ತಿಳಿದೋರು. ಅಕ್ಷರ ಎಷ್ಟು ಮುದ್ದಾಗಿದೆ ನೋಡು."

ಕಾಗದದಲ್ಲಿ ಹೀಗಿತ್ತು: "ನನ್ನ ಮಗಳ ಪರವಾಗಿ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಇನ್ನು ಮುಂದೆ ಅವಳು ಸಂಸ್ಥೆಯ ವ್ಯವಸ್ಥೆಗೆ ತಲೆಬಾಗಿ ನಡೆಯುತ್ತಾಳೆ. ಇದಕ್ಕೆ ನಾನು ಹೊಣೆ." ಕೆಳಗೆ ನಿನ್ನ ಹೆಸರು, ಹೆಸರಿನ ಮೇಲೆ ಕೆಂಪು ಹೆಬ್ಬೆಟ್ಟು.

ಒಂದಕ್ಷರ ಬರೆಯಬೇಡ ಎಂದವಳು ಯಾರು? ಗಂಜಿ ಸೀಯಿಸಿಕೊಂಡವಳು ಯಾರು? ಎರಡು ತಿಂಗಳು ಮರಳು ಜರಡಿ ಹಿಡಿದು, ಹಲ್ಲು ಕಚ್ಚಿ, ನಾನು ಕೊಡದೇ ಇದ್ದದ್ದನ್ನು ನೀನು ಒಂದು ಮಧ್ಯಾಹ್ನದಲ್ಲಿ ಕೊಟ್ಟು ಬಂದೆ! ನನ್ನ ಬೆನ್ನ ಹಿಂದೆ! ಮುಚ್ಚಳಿಕೆ ಬರೆದುಕೊಡಲು ನಾನೇನು ಕಿಟಕಿ ಗಾಜು ಒಡೆದ ಶಾಲೆಯ ಹುಡುಗಿಯೇ?

ನೀನು ಬರೆದದ್ದಕ್ಕೆ ಅರ್ಥವೇನು ಗೊತ್ತೇ? ಕ್ರೀಡಾಕೂಟದಲ್ಲಿ ವಾನ್‌ಚಿಂಗ್ ಎದುರಾದರೆ ನಾನು ಸೋಲುತ್ತೇನೆ ಎಂದು ಬರೆದುಕೊಟ್ಟಿದ್ದೀಯ. ನನ್ನ ಕೊನೆಯ ಪಂದ್ಯವನ್ನು ಅವರ ಕೈಗೆ ಹಾಕಿ ಬಂದಿದ್ದೀಯ. "ಮಾತು ಕೊಟ್ಟಿರೋದು ನಿಮ್ಮಮ್ಮ, ನೆನಪಿರ್ಲಿ," ಎಂದು ಲೆಯ್ ಸಾಹೇಬರು ನಗುತ್ತ ಬಾಗಿಲು ತೋರಿಸಿದರು.

ನನಗೆ ಇನ್ನು ಕಾಗದ ಬರೆಯಬೇಡ.

ಕೇ ಸುಯಿನ್


ಶಿತೌ ಕೊಲ್ಲಿ
ಜೂನ್ ೨೦

ಅಯಿನ್,

ಬರೆಯಬೇಡ ಎಂದರೆ ಬರೆಯದೇ ಇರಲು ನಾನು ನಿನ್ನ ತಂಡದವಳಲ್ಲ, ನಿನ್ನನ್ನು ಹೆತ್ತವಳು. ಬೈ, ಬೈಸಿಕೊಳ್ಳುತ್ತೇನೆ. ಆದರೆ ಹೇಗಾಯಿತೆಂದು ಕೇಳು.

"ನನಗೆ ಇದೇ ಕೊನೆಯದು" ಎಂದು ಬರೆದಿದ್ದೆಯಲ್ಲ, ಆ ಸಾಲು ನನಗೆ ಊಟ ಸೇರಗೊಡಲಿಲ್ಲ. ಒಣಗಿಸಿದ ಸೀಗಡಿ, ಒಳ್ಳೆಯ ಚಹಾ ಎಲೆ ಕಟ್ಟಿಕೊಂಡು ಆರು ಗಂಟೆ ಬಸ್ಸಿನಲ್ಲಿ ಕೂತು ಲೆಯ್‌ನ ಕಚೇರಿಗೆ ಹೋದೆ. ಅವನಿಗೆ ಎರಡು ಮಾತು ಬಿಸಿಯಾಗಿ ಹೇಳಿ, ಆಮೇಲೆ ಗಂಟು ಕೊಟ್ಟು, ಹೇಗಾದರೂ ಹೆಸರು ಸೇರಿಸಿ ಎನ್ನಬೇಕೆಂದು ಹೋದದ್ದು. ಅವನು ಗಂಟು ಮುಟ್ಟಲಿಲ್ಲ. ಮುಟ್ಟಿದ್ದರೆ ನನಗೆ ಅನುಮಾನ ಬರುತ್ತಿತ್ತು. ಕುರ್ಚಿ ಎಳೆದು ಕೂರಿಸಿದ, ಸ್ವಂತ ಕೈಯಲ್ಲಿ ಚಹಾ ಬಸಿದು ಕೊಟ್ಟ. "ಅಕ್ಕಾ, ನಿಮ್ಮ ಮಗಳು ಬಂಗಾರದಂಥವಳು, ಸ್ವಲ್ಪ ಹಟ ಅಷ್ಟೆ. ಹೆಸರು ಸೇರಿಸೋಕೆ ನಂಗೂ ಆಸೆ. ಮೇಲಿನವರಿಗೆ ತೋರಿಸೋಕೆ ಒಂದು ಕಾಗದ ಬೇಕಲ್ಲ?" ಎಂದ. ಮಾದರಿ ಹಾಳೆ ಮುಂದಿಟ್ಟ. ನಾನು ನೋಡಿ ಬರೆದೆ.

ಆ "ವ್ಯವಸ್ಥೆಗೆ ತಲೆಬಾಗಿ" ಎನ್ನುವ ಸಾಲು! ನಮ್ಮ ಬದುಕಿನಲ್ಲಿ ಯಾವ ಕಾಗದದ ಕೊನೆಗೆ ಆ ಸಾಲು ಇರಲಿಲ್ಲ ಹೇಳು? ಕಲ್ಲುಗಣಿಗೆ ಸೇರುವಾಗ ಬರೆದೆ, ಮನೆ ಕಟ್ಟಲು ಪರವಾನಗಿ ಕೇಳುವಾಗ ಬರೆದೆ, ನಿನ್ನನ್ನು ಕ್ರೀಡಾಶಾಲೆಗೆ ಸೇರಿಸುವಾಗ ಬರೆದೆ. ಅಕ್ಷರ ಕಲಿಸುವ ಸಂಜೆಶಾಲೆಯಲ್ಲಿ ನಮಗೆ ತಿದ್ದಿಸಿದ ಮೊದಲ ಸಾಲುಗಳಲ್ಲಿ ಅದೂ ಒಂದು. ನೀರು ಕುಡಿದಷ್ಟು ಸಲೀಸಾಗಿ ಬರೆದುಬಿಟ್ಟೆ. ಅದಕ್ಕೆ ಅರ್ಥ ಇರುತ್ತದೆ, ಅದನ್ನು ಯಾರಾದರೂ ತೆಗೆದು ನನ್ನ ಮಗಳ ಕುತ್ತಿಗೆಗೆ ಕಟ್ಟುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಹೇಳಿಬಿಡುತ್ತೇನೆ, ಅಕ್ಷರ ಚೆನ್ನಾಗಿದೆ ಎಂದಾಗ ನನಗೆ ಖುಷಿಯೂ ಆಯಿತು. ಈಗ ಆ ಬೆರಳುಗಳನ್ನು ಕಲ್ಲಿನ ಕೆಳಗೆ ಇಡಬೇಕೆನ್ನಿಸುತ್ತದೆ.

ನಾನು ಮೋಸ ಹೋದೆ. ನಿನ್ನ ಬೆನ್ನ ಹಿಂದೆ ಹೋದದ್ದು ತಪ್ಪು, ಒಪ್ಪಿದೆ. ಆದರೆ ನಿನ್ನನ್ನು ಮಾರಲು ಹೋದದ್ದಲ್ಲ.

ಅಮ್ಮ


ಶಿತೌ ಕೊಲ್ಲಿ
ಜುಲೈ ೩೦

ಅಯಿನ್,

ಆರು ವಾರ ಆಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಆಗಲಿ.

ಮತ್ತೆ ಹೋಗಿದ್ದೆ. ಈ ಸಲ ಬರಿಗೈಯಲ್ಲಿ. ಲೆಯ್ ಸಿಗಲಿಲ್ಲ. ನನ್ನನ್ನು ಕಂಡು ಹಿಂಬಾಗಿಲಿಂದ ಹೋದ ಎಂದು ನನ್ನ ಎಣಿಕೆ. ಕಡತದ ಕೋಣೆಯಲ್ಲಿ ಮೀಸೆ ಮೂಡದ ಗುಮಾಸ್ತನೊಬ್ಬ ಕೂತಿದ್ದ.

"ನನ್ನ ಕಾಗದ ನನಗೆ ಕೊಡಪ್ಪ."

"ಅದು ಕಡತಕ್ಕೆ ಸೇರಿದೆ ಅಜ್ಜಿ. ಕಡತದೊಳಗೆ ಹೋದದ್ದು ಮನುಷ್ಯ ಸತ್ರೂ ಹೊರಗೆ ಬರಲ್ಲ."

"ಯಾರೋ ನಿಂಗೆ ಅಜ್ಜಿ? ಬರೆದೋಳು ನಾನು, ಹರಿಯೋಳೂ ನಾನೇ. ತೆಗಿ ಈಚೆ!"

"ಬರೆಯೋಕೆ ಮೊದ್ಲು ಓದ್ಬೇಕಿತ್ತು," ಎಂದ. ಅಯ್ಯೋ, ಆ ಮಾತು ಕೆನ್ನೆಗೆ ಬಾರಿಸಿದ ಹಾಗಿತ್ತು. ಸರಿಯಾದ ಮಾತು, ಅದಕ್ಕೇ ಇನ್ನೂ ಕೋಪ ಬಂತು. ಅಲ್ಲೇ ಬೆಂಚಿನ ಮೇಲೆ ಕೂತು ಇನ್ನೊಂದು ಹಾಳೆ ಬರೆದೆ, ಈ ಸಲ ಯಾವ ಮಾದರಿಯನ್ನೂ ನೋಡದೆ: "ಹಿಂದಿನದು ನಾನು ತಿಳಿಯದೆ ಬರೆದದ್ದು. ನನ್ನ ಮಗಳಿಗೂ ಅದಕ್ಕೂ ಸಂಬಂಧವಿಲ್ಲ. ಅವಳು ತನಗೆ ಕಂಡಂತೆ ಆಡುತ್ತಾಳೆ." ಅವನು ತೆಗೆದುಕೊಳ್ಳಲಿಲ್ಲ. ಬಾಗಿಲ ಸಂದಿಯಿಂದ ಒಳಗೆ ತೂರಿ ಬಂದೆ.

ನೀನು ನನ್ನ ಮಾತು ಉಳಿಸಬೇಕಾಗಿಲ್ಲ. ನನ್ನ ಮಾತು ಮಣ್ಣುಪಾಲಾಗಲಿ. ನೀನು ಆಡು.

ಅಮ್ಮ


ಕ್ರೀಡಾಗ್ರಾಮ
ಸೆಪ್ಟೆಂಬರ್ ೧೪

ಅಮ್ಮಾ,

ಫೋನು ವಾಪಸು ಬಂದಿದೆ. ಆದರೂ ಬರೆಯುತ್ತಿದ್ದೇನೆ, ಇದನ್ನು ಬಾಯಲ್ಲಿ ಹೇಳಲಾರೆ. ನಿನ್ನ ಎರಡೂ ಕಾಗದ ತಲುಪಿದ್ದವು. ಎರಡನೆಯದನ್ನು ಬಹಳ ಸಲ ಓದಿದೆ. ಉತ್ತರ ಬರೆಯಲು ಹಟ ಬಿಡಲಿಲ್ಲ.

ನಮ್ಮದು ಮತ್ತೆ ಸೆಮಿಫೈನಲ್, ಎದುರಿಗೆ ಮತ್ತೆ ವಾನ್‌ಚಿಂಗ್. ಬೆಳಿಗ್ಗೆ ಲೆಯ್ ಸಾಹೇಬರು ಬಂದು ನಿಂತರು, ಕೂರಲೂ ಇಲ್ಲ. "ನಿಮ್ಮಮ್ಮನ ಮಾತು," ಎಂದಷ್ಟೇ ಹೇಳಿ ಹೋದರು.

ಮೈ ಬಿಸಿ ಮಾಡಿಕೊಳ್ಳುವಾಗ ವಾನ್‌ಚಿಂಗ್ ನೆಟ್‌ನ ಹತ್ತಿರ ಬಂದಳು. ಎರಡು ವರ್ಷದಲ್ಲಿ ಮೊದಲ ಮಾತು.

"ನಿಂಗೆ ಹೇಳಿದ್ದಾರೆ ಅಂತ ನಂಗೊತ್ತು. ಒಂದೇ ಒಂದು ಚೆಂಡು ಬಿಟ್ಟುಕೊಟ್ರೆ ಇಲ್ಲೇ ಅಂಕಣ ಬಿಟ್ಟು ನಡೀತೀನಿ. ನಾನೇನು ಭಿಕ್ಷುಕಿನಾ?"

"ಮೊದ್ಲು ನನ್ನ ಸರ್ವ್ ಎತ್ತು ಹೋಗೆ, ಆಮೇಲೆ ಮಾತಾಡು!"

ರುಯ್ ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ಇವತ್ತು ಹೇಗೆ?" ಎಂದಳು. "ಇವತ್ತು ಸತ್ರೂ ಬಿಡೋದಿಲ್ಲ," ಎಂದೆ.

ಅಂಥ ಪಂದ್ಯವನ್ನು ನಾನು ಬದುಕಿನಲ್ಲಿ ಆಡಿಲ್ಲ. ಮರಳು ಕಾದ ಬಾಣಲೆಯಾಗಿತ್ತು. ಮೊದಲ ಸೆಟ್ ನಮಗೆ, ಎರಡನೆಯದು ಅವರಿಗೆ. ಮೂರನೆಯದರಲ್ಲಿ ಹದಿಮೂರು ಹದಿನಾಲ್ಕು, ಅವರಿಗೆ ಒಂದೇ ಅಂಕ ಬೇಕು. ಚೆಂಡು ವಾನ್‌ಚಿಂಗ್ ತಲೆಯ ಮೇಲೆ ಎದ್ದಿತು. ಆ ಜಾಗದಿಂದ ಅವಳು ಹನ್ನೊಂದು ವರ್ಷವೂ ಅಡ್ಡಲಾಗಿ, ದೂರದ ಮೂಲೆಗೇ ಹೊಡೆದವಳು. ನನಗೆ ನನ್ನ ಅನ್ನದ ಬಟ್ಟಲಿನಷ್ಟು ಗೊತ್ತು. ಅವಳ ಕೈ ಮೇಲೇಳುವ ಮೊದಲೇ ನಾನು ಆ ಮೂಲೆಗೆ ಓಡಿದೆ. ಅವಳು ಹೊಡೆಯಲಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಳ್ಳಿದಳು. ಚೆಂಡು ನಾನು ಬಿಟ್ಟು ಬಂದ ಜಾಗದಲ್ಲಿ, ಗೆರೆಯ ಮೇಲೆ, ಪತ್ತ್ ಎಂದು ಬಿತ್ತು.

ಹದಿಮೂರು ಹದಿನೈದು. ಸೋತೆ. ಮರಳಿನಲ್ಲಿ ಮುಖ ಹುದುಗಿಸಿ ಬಿದ್ದಿದ್ದೆ. ದುಃಖವಾಯಿತು, ಆದರೆ ಎದೆ ಹಗುರವಾಗಿತ್ತು. ನನ್ನ ಸೋಲು, ನನ್ನದೇ.

ಆಗ ಲೆಯ್ ಸಾಹೇಬರು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಭೇಷ್! ಮೂರು ಸೆಟ್ ಎಳೆದು, ಕೊನೇ ಚೆಂಡಿಗೆ ಆ ಕಡೆ ಓಡಿಬಿಟ್ಯಲ್ಲ! ಯಾರಿಗೂ ಅನುಮಾನ ಬರೋ ಹಾಗಿಲ್ಲ. ಅವತ್ತು ಎರಡೇ ಸೆಟ್ ಅಂದಿದ್ದೆ, ಇರಲಿ, ಇದು ಇನ್ನೂ ಚೆನ್ನಾಗಿತ್ತು!"

ಅಮ್ಮ, ನಾನು ಕೈ ಕಿತ್ತುಕೊಂಡೆ. ಮಾರನೆಯ ದಿನ ವಾನ್‌ಚಿಂಗ್ ಜೋಡಿ ಬಂಗಾರ ಗೆದ್ದಿತು. ಸನ್ಮಾನದ ಸಭೆಯಲ್ಲಿ ಅವಳಿಗಿಂತ ಮೊದಲು ನನ್ನನ್ನು ವೇದಿಕೆಗೆ ಕರೆದರು. ಪ್ರಾಂತಕ್ಕಾಗಿ ತನ್ನನ್ನೇ ಬಲಿ ಕೊಟ್ಟವಳು, ದೊಡ್ಡ ಮನಸ್ಸಿನವಳು, ಮಕ್ಕಳಿಗೆ ಮಾದರಿ! ಕ್ರೀಡಾಶಾಲೆಯಲ್ಲಿ ತರಬೇತುದಾರಳ ಕೆಲಸ ಘೋಷಿಸಿದರು. ನಾನು ಮೈಕು ಕಿತ್ತುಕೊಂಡು ಹೇಳಿದೆ: "ನಾನು ಬಿಟ್ಟುಕೊಟ್ಟಿಲ್ಲ. ಗೆಲ್ಲೋಕೇ ಆಡಿದ್ದು. ನಂಗೆ ಆಗ್ಲಿಲ್ಲ, ಸೋತೆ. ವಾನ್‌ಚಿಂಗ್ ನನ್ನನ್ನ ಸೋಲಿಸಿದ್ಲು."

ಲೆಯ್ ಸಾಹೇಬರು ಮೈಕು ಹಿಂದಕ್ಕೆ ತೆಗೆದುಕೊಂಡು, "ನೋಡಿ, ಎಂಥ ವಿನಯ!" ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಗೆದ್ದಾಗ ತಪ್ಪೊಪ್ಪಿಗೆ ಕೇಳಿದರು, ಸೋತಾಗ ಸೋಲನ್ನೂ ಕಿತ್ತುಕೊಂಡರು! ನನ್ನದೆಂದು ಇವರು ಏನನ್ನಾದರೂ ಬಿಡುತ್ತಾರಾ? ಕೆಲಸದ ಆದೇಶವನ್ನು ಮೇಜಿನ ಮೇಲಿಟ್ಟು ಬಂದೆ. ಎಷ್ಟನೇ ಪಾಯಿಂಟಿಂದ ಬಿಡಬೇಕೆಂದು ನಾನು ಯಾವ ಮಕ್ಕಳಿಗೂ ಹೇಳಿಕೊಡಲಾರೆ.

ಇಷ್ಟೇ ಆಗಿದ್ದರೆ ಉಗಿದು ಸುಮ್ಮನಾಗುತ್ತಿದ್ದೆ. ಓಣಿಯಲ್ಲಿ ವಾನ್‌ಚಿಂಗ್ ನನ್ನನ್ನು ತಡೆದಳು. ಪದಕ ಕುತ್ತಿಗೆಯಲ್ಲಿರಲಿಲ್ಲ, ಜೇಬಿನಲ್ಲಿತ್ತು.

"ನಿಜ ಹೇಳು. ಆ ಕೊನೇ ಚೆಂಡಿಗೆ ಯಾಕೆ ಆ ಕಡೆ ಹೋದೆ? ನನ್ನ ಆಟ ನಿಂಗೊತ್ತಿಲ್ವಾ? ನಿಮ್ಮಮ್ಮ ಬರ್ಕೊಟ್ಟಿದ್ದಾರಂತಲ್ಲ."

ಹೇಳಿದೆ. ನಂಬಲಿಲ್ಲ. ಅವಳೂ ನಂಬಲಿಲ್ಲ ಅಮ್ಮ. ಪದಕವನ್ನು ಕಲ್ಲು ಹೊತ್ತ ಹಾಗೆ ಹೊತ್ತುಕೊಂಡು ಹೋದಳು.

ನೀನು ಪಂದ್ಯ ನೋಡಿದೆಯಾ ಎಂದು ಕೇಳುವುದಿಲ್ಲ. ನಿನಗೆ ಏನನ್ನಿಸಿತೆಂದು ಕೇಳಲು ಹೆದರಿಕೆಯಾಗುತ್ತದೆ. ಮುಂದಿನ ತಿಂಗಳು ಲೆಕ್ಕ ಚುಕ್ತಾ ಮಾಡಿಕೊಟ್ಟ ಮೇಲೆ ಬರುತ್ತೇನೆ.

ಸುಯಿನ್


ಶಿತೌ ಕೊಲ್ಲಿ
ಸೆಪ್ಟೆಂಬರ್ ೨೬

ಅಯಿನ್,

ನಿನ್ನ ಕಾಗದ ತಲುಪುವ ಮೊದಲೇ ಇಲ್ಲಿ ಮೂರು ಜಗಳ ಮುಗಿಸಿದ್ದೇನೆ. ಕೇಳು.

ಮೊದಲನೆಯದು ಮೀನುಪೇಟೆಯಲ್ಲಿ. ಹೋದಕಡೆಯೆಲ್ಲ ಹೆಂಗಸರು ಬಂದು, "ಎಂಥಾ ಮಗಳನ್ನ ಹೆತ್ತಿದ್ದೀರಿ! ಗೆಲ್ಲೋ ಆಟಾನ ಗೆಳತಿಗೆ ಬಿಟ್ಟುಕೊಟ್ಲಂತೆ," ಎಂದು ಕೈ ಹಿಡಿದುಕೊಳ್ಳುತ್ತಾರೆ. "ನನ್ನ ಮಗಳು ಯಾರಿಗೂ ಏನೂ ಬಿಟ್ಟುಕೊಟ್ಟಿಲ್ಲ. ಸೋತಿದ್ದಾಳೆ! ಅಪ್ಪಟ ಸೋಲು!" ಎಂದು ಕೂಗಿದೆ. ಮಗಳು ಸೋತಳೆಂದು ಪೇಟೆಯಲ್ಲಿ ನಿಂತು ಸಾರಿದ ತಾಯಿ ನಾನೊಬ್ಬಳೇ ಇರಬೇಕು. ಮೀನು ತೂಗುತ್ತಿದ್ದವನು ತಕ್ಕಡಿ ಬಿಟ್ಟು ಬಾಯಿ ತೆರೆದು ನೋಡಿದ.

ಎರಡನೆಯದು ಊರ ಸಮಿತಿಯವರ ಜೊತೆ. ನಿನ್ನ ತ್ಯಾಗವನ್ನು ಹೊಗಳುವ ಕೆಂಪು ಬಟ್ಟೆಯ ಫಲಕ ತಂದು ನಮ್ಮ ಬಾಗಿಲ ಮೇಲೆ ಕಟ್ಟುತ್ತಿದ್ದರು. ಏಣಿ ಹಿಡಿದು ಅಲ್ಲಾಡಿಸಿದೆ. "ಅಮ್ಮಾ, ಬೀಳ್ತೀನಿ!" ಎಂದ ಮೇಲೆ ಹತ್ತಿದ್ದವನು. "ಬೀಳು. ಅದನ್ನ ಬಿಚ್ಚಿಕೊಂಡು ಬೀಳು," ಎಂದೆ. ನಿನ್ನ ಅಪ್ಪ, ಬದುಕಿನಲ್ಲಿ ಒಂದು ಗಟ್ಟಿ ಮಾತಾಡದ ಮನುಷ್ಯ, ಒಳಗಿಂದ ಬಂದು ತಾವೇ ಏಣಿ ಹತ್ತಿ ಹಗ್ಗ ಕೊಯ್ದರು.

ಮೂರನೆಯದು ವಾನ್‌ಚಿಂಗ್ ಜೊತೆ. ಹುಣ್ಣಿಮೆ ಹಬ್ಬಕ್ಕೆ ಊರಿಗೆ ಬಂದವಳು ನಿನ್ನೆ ಮಧ್ಯಾಹ್ನ ಹಬ್ಬದ ಸಿಹಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತೇ ಕೇಳಿದಳು.

"ದೊಡ್ಡಮ್ಮ, ನೀವೇ ಹೇಳಿ. ನಿಮ್ಮ ಕಾಗದಕ್ಕೆ ಹೆದರಿ ಬಿಟ್ಟುಕೊಟ್ಲಾ?"

"ನನ್ನ ಕಾಗದಕ್ಕೆ ಅವಳು ಹೆದರೋ ಹಾಗಿದ್ರೆ ಮೂರು ತಿಂಗಳು ನನ್ನ ಜೊತೆ ಮಾತು ಬಿಡ್ತಿದ್ಲಾ? ಆ ಕಾಗದ ಬರ್ದಿದ್ದು ನಾನು, ಮುಠ್ಠಾಳಿ. ಅವಳದ್ದಲ್ಲ ಅದು."

"ಮತ್ತೆ ಆ ಕಡೆ ಯಾಕೆ ಓಡಿದ್ಲು? ನನ್ನ ಹೊಡೆತ ಅವಳಿಗೆ ಗೊತ್ತು!"

ಆಗ ನನಗೆ ನೆತ್ತಿಗೇರಿತು. ನಾನು ಆ ಪಂದ್ಯವನ್ನು ಚುನ್ ಮನೆಯಲ್ಲಿ, ಅವಳ ಮೊಮ್ಮಗನ ಕೈಯಲ್ಲಿ ಹಿಂದಕ್ಕೆ ತಿರುಗಿಸಿ ತಿರುಗಿಸಿ, ಹದಿನಾರು ಸಲ ನೋಡಿದ್ದೇನೆ. ಚೆಂಡು ಬಿದ್ದದ್ದನ್ನಲ್ಲ, ನಿನ್ನ ಮುಖವನ್ನು. ಬಿಟ್ಟುಕೊಡುವವಳ ಮುಖ ನನಗೆ ಗೊತ್ತಾಗಲಿಲ್ಲವಲ್ಲ ನಾಲ್ಕು ಸಲ, ಅದಕ್ಕೆ ಆ ಹಳೆಯವನ್ನೂ ಹಾಕಿಸಿ ನೋಡಿದೆ. ಆ ನಾಲ್ಕರಲ್ಲೂ ನೀನು ಚೆಂಡು ಬಿದ್ದ ಮೇಲೆ ಅದರ ಕಡೆ ತಿರುಗಿಯೂ ನೋಡಿಲ್ಲ. ಈ ಸಲ ಓಡುತ್ತಿದ್ದವಳು ಅರ್ಧದಲ್ಲಿ ತಿರುಗಿ, ಆ ಹಾಳು ಮೊಣಕಾಲು ತಿರುಚಿಕೊಂಡು, ಇನ್ನು ಸಿಗುವುದಿಲ್ಲ ಎಂದು ಗೊತ್ತಿದ್ದೂ ಕೈ ಚಾಚಿ ಬಿದ್ದೆ. ಬಾಯಿ ತುಂಬ ಮರಳು.

"ಲೇ ವಾನ್‌ಚಿಂಗ್," ಎಂದೆ, "ಹನ್ನೊಂದು ವರ್ಷ ಅವಳ ಜೊತೆ ಆಡಿ ನಿಂಗೆ ಗೊತ್ತಾಗಿದ್ದು ಇಷ್ಟೇನಾ? ನೀನು ಹನ್ನೊಂದು ವರ್ಷ ಎಲ್ಲಿಗೆ ಹೊಡೀತಿದ್ಯೋ ಅಲ್ಲಿಗೇ ಓಡಿದ್ಲು ಅವಳು. ನೀನು ಹೊಸದು ಕಲ್ತಿದ್ದೆ. ಅದು ಅವಳಿಗೆ ಗೊತ್ತಿರ್ಲಿಲ್ಲ. ಅದಕ್ಕೇ ಸೋತ್ಲು. ಅಷ್ಟು ಕಷ್ಟಪಟ್ಟು ಕಲ್ತು, ಅವಳನ್ನ ಏಮಾರಿಸಿ, ಗೆದ್ದು, ಈಗ ನಿನ್ನ ಆಟಾನೇ ನೀನು ನಂಬಲ್ಲ ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಅವಳು ಸಿಹಿಯ ಪೊಟ್ಟಣವನ್ನು ನನ್ನ ಕೈಗಿಟ್ಟಳು. ಆಮೇಲೆ, "ಹಾಗಾದ್ರೆ ನಾನು ಗೆದ್ದೆನಾ ದೊಡ್ಡಮ್ಮ?" ಎಂದಳು, ಹತ್ತು ವರ್ಷದ ಹುಡುಗಿಯ ದನಿಯಲ್ಲಿ.

"ಗೆದ್ದೆ ಕಣೇ."

ಹೊಸ್ತಿಲ ಮೇಲೆ ಕುಕ್ಕರಿಸಿ ಗೊಳೋ ಎಂದು ಅತ್ತಳು. ಅಷ್ಟುದ್ದದ ಹೆಂಗಸು, ಬೀದಿಯವರೆಲ್ಲ ನೋಡುತ್ತಿದ್ದಾರೆ. ನಾನೂ ಅತ್ತೆ. ಜೇಬಿನಿಂದ ಪದಕ ತೆಗೆದು ಕುತ್ತಿಗೆಗೆ ಹಾಕಿಕೊಂಡು ಒಳಗೆ ಬಂದು ಎರಡು ಬಟ್ಟಲು ಗಂಜಿ ಕುಡಿದಳು. ನೀನು ಬರುವ ಬಸ್ಸಿಗೆ ಅವಳೇ ಬಂದು ನಿಲ್ಲುತ್ತಾಳಂತೆ.

ಹೆದರಿಕೆಯಾಗುತ್ತದೆ ಎಂದು ಬರೆದಿದ್ದೀಯ. ನಿನ್ನನ್ನು ಹೆದರುವ ಹಾಗೆ ಮಾಡಿದವಳು ನಾನೇ, ಅದು ನನಗೆ ಗೊತ್ತು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ನೀನು ಸೋತಿದ್ದೀಯ ಅಯಿನ್. ನಾನು ಕಣ್ಣಾರೆ ಕಂಡಿದ್ದೇನೆ. ಯಾರಾದರೂ ಇಲ್ಲ ಎಂದರೆ ನನ್ನ ಹತ್ತಿರ ಕಳಿಸು.

ನಿನ್ನ ಅಮ್ಮ